ಹೊಸ ಆವೃತ್ತಿಯೂ ಅಳತೆ ರವಿಕೆಯೂ

ನಾನು ಮಾಡದೆ ಬಿಟ್ಟ ಕೆಲಸ ಬಹಳ ಚಿಕ್ಕದು. ಒಂದು ಭಾನುವಾರ ಸಂಜೆ ನಾಲ್ಕೂವರೆಗೆ ಸರಿಯಾಗಿ ಒಂದು ಗುಂಡಿ ಒತ್ತಬೇಕಿತ್ತು, ಒತ್ತಲಿಲ್ಲ. ಆರು ಗಂಟೆ ದಾಟಿದ ಮೇಲೆ ಒತ್ತಿದೆ. ಒತ್ತಿ, ನಾಲ್ಕೂವರೆಗೇ ಒತ್ತಿದೆ ಎಂದು ನನ್ನ ತಂಗಿಗೆ ಹೇಳಿದೆ. ಇಷ್ಟೇ. ಇದರಲ್ಲಿ ಕೂತು ಬರೆಯುವಂಥದ್ದೇನಿದೆ ಎಂದು ನೀವು ಕೇಳಬಹುದು. ಮೊದಲ ಮೂರು ದಿನ ನಾನೂ ಹಾಗೆಯೇ ಅಂದುಕೊಂಡಿದ್ದೆ. ನಾಲ್ಕನೆಯ ದಿನದಿಂದ ಸೂಜಿಗೆ ದಾರ ಪೋಣಿಸುವುದೇ ಕಷ್ಟವಾಯಿತು. ದಾರ ಹಿಡಿದು ಕೂತವಳು ಪೋಣಿಸುವುದನ್ನು ಮರೆತು ಗೋಡೆ ನೋಡುತ್ತಿದ್ದೆ.

ನಾನು ಚೆನ್ನೈಯ ಪಲ್ಲಾವರಂನಲ್ಲಿ ರವಿಕೆ ಹೊಲಿಯುವವಳು. ಓದಿದ್ದು ಏಳನೆಯ ತರಗತಿಯವರೆಗೆ, ಅದೂ ಚಾಮರಾಜನಗರದ ಕಡೆ. ಶಾಲೆ ಬಿಟ್ಟರೂ ಓದುವ ಚಟ ಬಿಡಲಿಲ್ಲ. ಊರಿನಿಂದ ಬಂದವರು ಹುರಿಗಾಳು ಸುತ್ತಿಕೊಂಡು ಬಂದ ಪತ್ರಿಕೆಯ ಹಾಳೆಯನ್ನೂ ಬಿಡಿಸಿ, ಮಡಿಕೆಗೆ ಇಸ್ತ್ರಿ ತೀಡಿ, ಓದಿ ಎತ್ತಿಡುತ್ತೇನೆ. ಇಲ್ಲಿನವರು ನನ್ನನ್ನು ‘ಟೈಲರ್ ಅಕ್ಕಾ’ ಎನ್ನುತ್ತಾರೆ. ನಮ್ಮ ಬೀದಿಯಲ್ಲಿ ನನಗೊಂದು ಹೆಸರಿದೆ: ಹೇಳಿದ ದಿನ, ಹೇಳಿದ ಗಂಟೆಗೆ ಬಟ್ಟೆ ಕೊಡುತ್ತೇನೆ ಎಂದು. ಹೊಲಿಗೆಯವರ ಲೋಕದಲ್ಲಿ ಇದು ದೊಡ್ಡ ಅಪರಾಧ. ಪಕ್ಕದ ಬೀದಿಯ ಟೈಲರ್ ಒಬ್ಬರು ನನ್ನನ್ನು ನಿಲ್ಲಿಸಿ, “ನೀವು ಹೀಗೆ ಮಾಡಿದರೆ ನಾವು ಬದುಕುವುದು ಹೇಗೆ ಅಕ್ಕಾ?” ಎಂದು ನಿಜಕ್ಕೂ ನೊಂದು ಕೇಳಿದ್ದರು. ಹೊತ್ತಿನ ವಿಷಯದಲ್ಲಿ ನನ್ನ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ಈ ಹೆಸರೇ ನನ್ನನ್ನು ಕೆಡಿಸಿತು.

ತಂಗಿ ಚಂದ್ರಿಕಾ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಇಬ್ಬರೂ ಒಂದೇ ಮನೆಯಲ್ಲಿದ್ದೇವೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ಕಿಟಕಿಯ ಬಳಿ ಅವಳ ಲ್ಯಾಪ್‌ಟಾಪು. ವಿಮಾನಗಳು ನಮ್ಮ ತಾರಸಿಗೆ ಇನ್ನೇನು ತಾಗಿದವು ಎನ್ನುವಷ್ಟು ಕೆಳಗೆ ಹಾರುತ್ತವೆ. ಒಂದೊಂದು ಹಾದುಹೋದಾಗಲೂ ಇಬ್ಬರೂ ಮಾತು ನಿಲ್ಲಿಸಿ, ಅದು ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತೇವೆ.

ಅವಳು ಮಾಡುವ ಕೆಲಸ ನನಗೆ ಅರ್ಥವಾಗಿರುವುದು ಇಷ್ಟು. ನಮ್ಮ ಕಣ್ಣಿನ ಮಸೂರದೊಳಗೆ ಒಂದು ಬಗೆಯ ಪ್ರೋಟೀನ್ ಇರುತ್ತದಂತೆ. ಅವು ಒಂದಕ್ಕೊಂದು ಅಂಟಿಕೊಂಡರೆ ಕಣ್ಣಿಗೆ ಪೊರೆ ಬರುತ್ತದೆ. ಏಕೆ ಅಂಟಿಕೊಳ್ಳುತ್ತವೆ ಎಂದು ತಿಳಿಯಬೇಕು. ಅಷ್ಟು ಚಿಕ್ಕದನ್ನು ಕಣ್ಣಲ್ಲಿ ನೋಡಲಾಗದು. ಹಾಗಾಗಿ ಕಂಪ್ಯೂಟರಿನೊಳಗೆ ಒಂದು ಪೆಟ್ಟಿಗೆ ಮಾಡಿ, ಅದರ ತುಂಬ ಲೆಕ್ಕದ ನೀರು ತುಂಬಿಸಿ, ಒಂದು ಚಿಟಿಕೆ ಲೆಕ್ಕದ ಉಪ್ಪು ಹಾಕಿ, ಆ ಅಣುವನ್ನು ಅದರಲ್ಲಿ ಇಳಿಬಿಡುತ್ತಾರೆ. ಆಮೇಲೆ ಪ್ರತಿಯೊಂದು ಪರಮಾಣುವೂ ಎತ್ತ ವಾಲುತ್ತದೆ, ಯಾರನ್ನು ಎಳೆಯುತ್ತದೆ, ಯಾರಿಂದ ದೂರ ಸರಿಯುತ್ತದೆ ಎಂದು ತಂತ್ರಾಂಶ ಲೆಕ್ಕ ಹಾಕುತ್ತದೆ. ಒಂದೊಂದು ಹೆಜ್ಜೆಗೂ ಲೆಕ್ಕ. ಆ ಹೆಜ್ಜೆ ಎಷ್ಟು ಚಿಕ್ಕದು ಎಂದು ಕೇಳಿದ್ದೆ. ಒಂದು ಸೆಕೆಂಡನ್ನು ಕೋಟಿ ಪಾಲು ಮಾಡಬೇಕು. ಅದರಲ್ಲಿ ಒಂದು ಪಾಲು ತೆಗೆದು ಮತ್ತೆ ಕೋಟಿ ಪಾಲು ಮಾಡಬೇಕು. ಅದರಲ್ಲಿ ಒಂದನ್ನು ತೆಗೆದು ಐದು ಮಾಡಬೇಕು. ಆ ಐದರಲ್ಲಿ ಒಂದು, ಅವಳ ಒಂದು ಹೆಜ್ಜೆ. ನಾನು ಟೇಪಿನಲ್ಲಿ ಕಾಲಿಂಚಿಗಿಂತ ಕೆಳಗೆ ಇಳಿದವಳಲ್ಲ. ಅಂಥ ಪಾಲುಗಳಲ್ಲಿ ಹೊತ್ತು ಎಣಿಸುವ ಹುಡುಗಿಗೆ ನಾನು ಒಂದೂವರೆ ಗಂಟೆ ಕಳೆದುಕೊಟ್ಟೆ ಎಂದರೆ ನನ್ನ ತಪ್ಪಿನ ಗಾತ್ರ ನಿಮಗೆ ಅಂದಾಜಾದೀತು.

ಈ ವರ್ಷ ಆ ತಂತ್ರಾಂಶದ ಹೊಸ ಆವೃತ್ತಿ ಬಂತು. ಹಳೆಯದು ಹನ್ನೊಂದು ದಿನ ತೆಗೆದುಕೊಳ್ಳುವ ಕೆಲಸವನ್ನು ಹೊಸದು ನಾಲ್ಕೇ ದಿನದಲ್ಲಿ ಮುಗಿಸುತ್ತದಂತೆ. ಹಾಗೆಂದು ನಾಳೆಯಿಂದಲೇ ಎಲ್ಲರೂ ಹೊಸದಕ್ಕೆ ಹಾರುವ ಹಾಗಿಲ್ಲ. ಲ್ಯಾಬಿನಲ್ಲಿ ಆರು ಜನರ ವರ್ಷಗಟ್ಟಲೆಯ ಕೆಲಸ ಹಳೆಯದರ ಮೇಲೆ ನಿಂತಿದೆ. ಹೊಸದು ನಂಬಿಕಸ್ತವೋ ಅಲ್ಲವೋ ಎಂದು ನೋಡಿ ಹೇಳುವ ಕೆಲಸವನ್ನು ಅವಳ ಪ್ರೊಫೆಸರು ಚಂದ್ರಿಗೆ ಕೊಟ್ಟರು. ಅವಳಿಗಂತೂ ಹೊಸದು ಬೇಕೇ ಬೇಕಿತ್ತು. ಡಿಸೆಂಬರಿಗೆ ಅವಳ ಅವಧಿ ಮುಗಿಯುತ್ತದೆ. ಹಳೆಯದರಲ್ಲೇ ತೆವಳಿದರೆ ಕೊನೆಯ ಅಧ್ಯಾಯವನ್ನು ಕೈಬಿಡಬೇಕು. ನಾಲ್ಕು ವರ್ಷದಿಂದ ಅವಳು ಎದುರು ನೋಡುತ್ತಿದ್ದ ಅಧ್ಯಾಯವೇ ಅದು.

“ನೋಡೋದು ಅಂದ್ರೆ ಹೇಗೆ ನೋಡ್ತೀಯೆ?” ಎಂದು ನಾನು ಕಾಲರಿಗೆ ಪಟ್ಟಿ ಹಚ್ಚುತ್ತ ಕೇಳಿದೆ.

“ಹಳೇದರಲ್ಲಿ ಮಾಡಿ ಮುಗಿಸಿರೋ ಒಂದು ಕೆಲಸ ಇರುತ್ತಲ್ಲಕ್ಕ, ಅದನ್ನೇ ಹೊಸದರಲ್ಲಿ ಇನ್ನೊಂದ್ಸಲ ಮಾಡ್ತೀವಿ. ಎರಡೂ ಒಂದೇ ಥರ ಬಂದ್ರೆ ಸರಿ.”

“ಅಳತೆ ಬ್ಲೌಸ್ ಇಟ್ಕೊಂಡು ಹೊಲಿದ ಹಾಗೆ.”

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. “ಅದೇ ಕಣಕ್ಕ! ಅದೇ!” ಮರುದಿನ ಲ್ಯಾಬಿನಲ್ಲೂ ಹೇಳಿದಳು. ಈಗ ಅಲ್ಲಿ ಆ ಪರೀಕ್ಷೆಗೆ ‘ಅಳವು ಜಾಕೆಟ್’ ಎಂದೇ ಹೆಸರು. ತಮಿಳಿನಲ್ಲಿ ಅಳತೆ ರವಿಕೆಗೆ ಹಾಗೆನ್ನುತ್ತಾರೆ. ಪ್ರೊಫೆಸರು ಕೂಡ ಹಾಗೆಯೇ ಅನ್ನುತ್ತಾರಂತೆ. ಏಳನೆಯ ತರಗತಿಯವಳಿಂದ ವಿಜ್ಞಾನಕ್ಕೆ ಒಂದು ಕಾಣಿಕೆ ಸಂದಿತು ಎಂದು ನಾನು ಎರಡು ದಿನ ಬೀಗಿದೆ.

ಅಳತೆ ರವಿಕೆಯ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಹೆಂಗಸರು ಹೊಸ ಬಟ್ಟೆಯ ಜೊತೆಗೆ ತಮಗೆ ಚೆನ್ನಾಗಿ ಕೂರುವ ಒಂದು ಹಳೆಯ ರವಿಕೆ ತಂದುಕೊಡುತ್ತಾರೆ. ಬಣ್ಣ ಹೋಗಿರುತ್ತದೆ, ಕಂಕುಳಲ್ಲಿ ಎರಡು ಸಲ ಹೊಲಿದಿರುತ್ತದೆ, ಆದರೆ ಅದರ ಮಾತೇ ಕೊನೆಯ ಮಾತು. ಒಮ್ಮೆ ಒಬ್ಬಾಕೆ ಕೊಟ್ಟ ಅಳತೆಗೆ ಆರು ರವಿಕೆ ಹೊಲಿದೆ. ಆರರಲ್ಲೂ ಆಕೆಯ ಕೈಯೇ ತೂರಲಿಲ್ಲ. ಬಟ್ಟೆ ಕುಗ್ಗಿರಬೇಕು ಎಂದೆವು, ಟೇಪು ಹಿಗ್ಗಿರಬೇಕು ಎಂದೆವು, ಆಕೆ ಊರಿಗೆ ಹೋಗಿ ದಪ್ಪಗಾಗಿರಬೇಕು ಎಂದು ನಾನೊಬ್ಬಳೇ ಮನಸ್ಸಿನಲ್ಲಿ ಅಂದುಕೊಂಡೆ. ಒಂದು ವಾರದ ಮೇಲೆ ಗೊತ್ತಾಯಿತು, ಆಕೆ ಬೀರುವಿನಿಂದ ತಂದಿದ್ದು ತನ್ನ ತಂಗಿಯ ರವಿಕೆ. ಎಲ್ಲವನ್ನೂ ಅನುಮಾನಿಸಿದೆವು, ಅದೊಂದನ್ನು ಬಿಟ್ಟು.

ಆವೃತ್ತಿ ಬದಲಿಸುವ ಕಷ್ಟ ನನಗೂ ಗೊತ್ತು. ಹದಿನೈದು ವರ್ಷ ಕಾಲಲ್ಲಿ ತುಳಿಯುವ ಯಂತ್ರದಲ್ಲಿ ಹೊಲಿದವಳು, ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಸಿಕ್ಕಿದ ಒಂದು ಮೋಟಾರನ್ನು ಅದಕ್ಕೆ ಕಟ್ಟಿಸಿದೆ. ಆ ಸಂತೆಯಲ್ಲಿ ಬೇರೆಯವರ ಮನೆಯಲ್ಲಿ ಬೇಡವಾದದ್ದೆಲ್ಲ ಸಿಗುತ್ತದೆ. ಮೊದಲ ದಿನ ಕಾಲು ಹಳೆಯ ಅಭ್ಯಾಸದಲ್ಲಿ ಜೋರಾಗಿ ತುಳಿಯಿತು; ಯಂತ್ರ ಓಡಿಹೋಯಿತು; ನಾನು ಒಂದು ತೋಳಿನ ಬಾಯನ್ನೇ ಸೇರಿಸಿ ಹೊಲಿದುಬಿಟ್ಟೆ. ಹೊಸದು ಕೆಟ್ಟದ್ದಲ್ಲ, ಹಳೆಯ ಕಾಲು ಹೊಸದರ ಮೇಲೆ ಬಿದ್ದಿತ್ತು. ಈ ಮಾತನ್ನು ಆಗಲೇ ನೆನಪಿಟ್ಟುಕೊಂಡಿದ್ದರೆ ಒಳ್ಳೆಯದಿತ್ತು.

ಈಗ ಆ ಭಾನುವಾರಕ್ಕೆ ಬರೋಣ. ಮರುದಿನ ಮೈಸೂರಿನಲ್ಲಿ ಚಿಕ್ಕಮ್ಮನ ಮಗಳ ಸೀಮಂತ. ನನಗೆ ಮದುವೆ ಮನೆಯೊಂದರ ರವಿಕೆಗಳು ಕೈಯಲ್ಲಿದ್ದವು, ಹೋಗಲಾಗಲಿಲ್ಲ. ಚಂದ್ರಿ ಮಧ್ಯಾಹ್ನದ ರೈಲಿಗೆ ಹೊರಟಳು. ಪರೀಕ್ಷೆಗೆಂದು ಬಿಟ್ಟ ಲ್ಯಾಬಿನ ಯಂತ್ರದಲ್ಲಿ ಬೇರೊಬ್ಬರ ಕೆಲಸ ನಾಲ್ಕೂವರೆಗೆ ಮುಗಿದು, ಆಮೇಲೆ ಅವಳ ಸರದಿ. ರೈಲಿನಲ್ಲಿ ಸಿಗ್ನಲ್ ಬರುತ್ತದೆ ಹೋಗುತ್ತದೆ. ಅವಳು ಮನೆಯ ಲ್ಯಾಪ್‌ಟಾಪಿನಲ್ಲಿ ಆ ಯಂತ್ರಕ್ಕೆ ಸಂಪರ್ಕ ಜೋಡಿಸಿ, ಎಲ್ಲವನ್ನೂ ಸಿದ್ಧ ಮಾಡಿಟ್ಟಳು. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದ ಒಂದೇ ಸಾಲು, ಸಾಲಿನ ತುದಿಯಲ್ಲಿ ಮಿಣುಕುವ ಒಂದು ಪುಟ್ಟ ಚೌಕ.

“ನಾಲ್ಕೂವರೆಗೆ ಈ ಎಂಟರ್ ಒತ್ತು. ಅಷ್ಟೇ ಕೆಲಸ.”

“ಲ್ಯಾಬಲ್ಲಿ ಯಾರಿಗಾದ್ರೂ ಹೇಳ್ಬಾರ್ದಾ? ನಾನು ಏನಾದ್ರೂ ಕೆಡಿಸಿಬಿಟ್ರೆ?”

“ಹೇಳ್ಬೋದು. ಹೊತ್ತಿಗೆ ಸರಿಯಾಗಿ ತಾನಾಗೇ ಶುರುವಾಗೋ ಹಾಗೂ ಮಾಡ್ಬೋದು.” ಅವಳು ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಳು, ನನ್ನ ಮುಖ ನೋಡಲಿಲ್ಲ. “ನನ್ನ ಕೊನೇ ಚಾಪ್ಟರು ಇದ್ರ ಮೇಲೇ ನಿಂತಿರೋದು. ನಿನ್ನ ಕೈಯಲ್ಲೇ ಶುರುವಾಗ್ಲಿ ಅಂತ.”

ನೀವೇ ಹೇಳಿ, ಹೀಗೆ ಹೇಳಿಸಿಕೊಂಡವಳು ಆ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳುತ್ತಾಳೆಯೇ? ನಾಲ್ಕೂ ಇಪ್ಪತ್ತಕ್ಕೇ ಕೈ ತೊಳೆದು, ಸೀರೆಗೆ ಅಂಟಿದ ದಾರದ ಚೂರುಗಳನ್ನು ಬಿಡಿಸಿ, ಕುರ್ಚಿಯಲ್ಲಿ ಕೂತೆ. ಬೆರಳು ಗುಂಡಿಯ ಮೇಲಿಟ್ಟೆ. ನಾಲ್ಕೂವರೆಯಾಯಿತೇ ಎಂದು ಗಡಿಯಾರ ನೋಡಿದೆ. ಗಡಿಯಾರದ ಕೆಳಗೇ ಕ್ಯಾಲೆಂಡರು.

ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ಅದು. ಕೆಳಗಿನ ಮನೆಯ ರಂಗನಾಯಕಿ ಮಾಮಿ ಪ್ರತಿ ವರ್ಷ ನಮಗೊಂದು ಕೊಡುತ್ತಾರೆ. ಅವರೇ ನಮ್ಮ ಮನೆಯ ಮಾಲೀಕರು. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ವೈಷ್ಣವರು. ಅವರ ಕನ್ನಡದಲ್ಲಿ ತಮಿಳು ಒಗ್ಗರಣೆಯ ಹಾಗಲ್ಲ, ಬೇಳೆಯ ಹಾಗೆಯೇ ಇದೆ. ಪ್ರತಿ ಹಾಳೆಯಲ್ಲೂ ಆ ದಿನದ ರಾಹುಕಾಲ ಅಚ್ಚಾಗಿರುತ್ತದೆ. ಊರಿನಲ್ಲಿ ನಾವು ಮದುವೆಗೋ ಗೃಹಪ್ರವೇಶಕ್ಕೋ ಮಾತ್ರ ಅದನ್ನು ನೋಡುತ್ತಿದ್ದೆವು. ಇಲ್ಲಿಗೆ ಬಂದ ಹೊಸತರಲ್ಲಿ ಗಿರಾಕಿಗಳು, “ಅಕ್ಕಾ, ರಾಹುಕಾಲದಲ್ಲಿ ಮಾತ್ರ ಕತ್ತರಿ ಹಾಕಬೇಡಿ” ಎಂದು ಹೇಳಿಯೇ ಬಟ್ಟೆ ಕೊಡುತ್ತಿದ್ದರು. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಕತ್ತರಿ ಹಾಕಿದ್ದನ್ನು ಕೂಡಿಸಲಾಗದು. ಹಾಗಾಗಿ ನನ್ನ ಕತ್ತರಿಗೆ ದಿನವೂ ಒಂದೂವರೆ ಗಂಟೆ ರಜೆ. ಆ ಹೊತ್ತಿನಲ್ಲಿ ಗುಂಡಿ ಹಚ್ಚುತ್ತೇನೆ, ಹೆಮ್ಮಿಂಗ್ ಮಾಡುತ್ತೇನೆ, ಹೊಸ ಬಟ್ಟೆ ಮುಟ್ಟುವುದಿಲ್ಲ. ಪುರಾಣದ ಪ್ರಕಾರ ರಾಹುವಿಗೆ ತಲೆ ಮಾತ್ರ ಇರುವುದು, ಮೈಯಿಲ್ಲ. ರವಿಕೆ ಹೊಲಿಯುವವಳಾಗಿ ನನಗೆ ಅವನೊಡನೆ ವ್ಯವಹಾರವೇ ಇಲ್ಲ. ಅಳತೆ ತೆಗೆಯಲು ಏನೂ ಇಲ್ಲ. ಆದರೂ ಇಷ್ಟು ವರ್ಷ ಅವನ ಮಾತು ಮೀರಿಲ್ಲ.

ಆ ದಿನದ ಹಾಳೆಯ ಮೇಲೆ ಬರೆದಿತ್ತು: ರಾಹುಕಾಲ, ನಾಲ್ಕೂವರೆಯಿಂದ ಆರು.

ಬೆರಳು ತಾನಾಗಿ ಮೇಲೆದ್ದಿತು. ನನ್ನ ತಂಗಿಯ ನಾಲ್ಕು ವರ್ಷದ ಬಟ್ಟೆಗೆ ಮೊದಲ ಕತ್ತರಿ ಇದು. ಇದನ್ನು ಹೋಗಿ ಹೋಗಿ ಈ ಹೊತ್ತಿನಲ್ಲಿ ಹಾಕಲೇ? ಒಂದೂವರೆ ಗಂಟೆಯಲ್ಲಿ ಏನಾದೀತು, ನಾಲ್ಕು ದಿನ ಓಡುವ ಕೆಲಸಕ್ಕೆ? ಕೂತೆ. ಒಂಬತ್ತು ವಿಮಾನ ಇಳಿದವು. ಆ ಪುಟ್ಟ ಚೌಕ ಮಿಣುಕುತ್ತಲೇ ಇತ್ತು, ‘ಇನ್ನೂ ಆಗಲಿಲ್ಲವೇ, ಇನ್ನೂ ಆಗಲಿಲ್ಲವೇ’ ಎಂದು ಕೇಳಿದ ಹಾಗೆ. ಆರು ಹೊಡೆಯಿತು. ಗಡಿಯಾರ ಸ್ವಲ್ಪ ಮುಂದಿದ್ದರೆ ಎಂದು ಇನ್ನೊಂದು ನಿಮಿಷ ಬಿಟ್ಟು, ಕಣ್ಣು ಮುಚ್ಚಿ ಒತ್ತಿದೆ. ಅಕ್ಷರಗಳು ಸುರಿದವು. ಮನಸ್ಸು ತುಂಬಿ ಬಂತು.

ಹತ್ತು ನಿಮಿಷಕ್ಕೆ ಫೋನು. ರೈಲು ಯಾವುದೋ ಸ್ಟೇಷನ್ನಿನಲ್ಲಿ ನಿಂತಿತ್ತು.

“ಅಕ್ಕ, ಒತ್ತಿದ್ಯಾ?”

“ಒತ್ತಿದೆ.” ಇಲ್ಲಿಯವರೆಗೆ ನಾನು ಸತ್ಯವಂತೆ.

“ನಾಲ್ಕೂವರೆಗೇ?”

ಇಲ್ಲಿ ಹೇಳಬಹುದಿತ್ತು. ಒಂದು ಉಸಿರಿನ ಕೆಲಸ. ಆದರೆ ಹೇಳಿದ ಗಂಟೆಗೆ ಕೊಡುವ ಟೈಲರ್ ಅಕ್ಕ ನಾನು. ತಡವಾಯಿತು ಎನ್ನುವ ಮಾತು ನನ್ನ ನಾಲಗೆಗೆ ಅಭ್ಯಾಸವೇ ಇರಲಿಲ್ಲ. “ಹೂಂ. ನಾಲ್ಕೂವರೆಗೇ,” ಎಂದೆ.

“ನಿನ್ನನ್ನ ಕೇಳ್ತಾ ಇದ್ದೀನಲ್ಲ, ನನಗೆ ಬುದ್ಧಿಯಿಲ್ಲ,” ಎಂದು ನಕ್ಕು ಇಟ್ಟಳು.

ಮಂಗಳವಾರ ಬಂದಳು, ಗುರುವಾರ ಕೆಲಸ ಮುಗಿಯಿತು. ಹೊಸ ಆವೃತ್ತಿಯ ಅಂಕಿಗಳು ಹಳೆಯದರೊಡನೆ ಹೆಗಲಿಗೆ ಹೆಗಲು ಕೂತವು. ಅವಳು ನನ್ನ ಸೊಂಟ ಹಿಡಿದು ಒಂದು ಸುತ್ತು ತಿರುಗಿಸಿದಳು. ಆಮೇಲೆ ಏನನ್ನೋ ನೋಡಲು ಕಂಪ್ಯೂಟರು ಬರೆದಿಟ್ಟ ದಿನಚರಿಯನ್ನು ಮೊದಲಿನಿಂದ ತೆರೆದಳು. ಈ ತಂತ್ರಾಂಶಗಳು ತಾವು ಯಾವಾಗ ಎದ್ದೆವು, ಏನು ಮಾಡಿದೆವು, ಯಾವಾಗ ಮಲಗಿದೆವು ಎಂದು ತಾವೇ ಬರೆದಿಡುತ್ತವೆ ಎಂದು ನನಗೆ ಯಾರೂ ಹೇಳಿರಲಿಲ್ಲ.

“ಅಕ್ಕ, ನೀನು ಒತ್ತಿದ್ದು ನಾಲ್ಕೂವರೆಗೆ. ಇದು ಎದ್ದಿರೋದು ಆರು ಗಂಟೆ ಒಂದು ನಿಮಿಷಕ್ಕೆ. ಮಧ್ಯ ಏನ್ ಮಾಡ್ತಿತ್ತು?”

“ಯಾರಿಗೆ ಗೊತ್ತು. ಹೊಸದಲ್ವಾ, ನಾಚಿಕೊಂಡಿರಬೇಕು,” ಎಂದೆ. ಇದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಆಮೇಲಿನ ಮೂರು ವಾರ ನನ್ನ ತಂಗಿ ಆ ಒಂದೂವರೆ ಗಂಟೆಯನ್ನು ಹುಡುಕಿದಳು. ಕಂಪ್ಯೂಟರಿನ ಗಡಿಯಾರ ಪರೀಕ್ಷಿಸಿದಳು. ಮನೆಯ ಇಂಟರ್ನೆಟ್ಟಿನವರನ್ನು ಕರೆಸಿದಳು. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ತಾನೇ ಒತ್ತಿ ನೋಡಿದಳು. ಪ್ರತಿ ಸಲವೂ ಅದು ಒತ್ತಿದ ಕ್ಷಣಕ್ಕೇ ಎದ್ದಿತು. ಇದರಿಂದ ಅವಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಪ್ರತಿ ಸಲ ಬರುವ ತಪ್ಪನ್ನು ಕಾದು ಕೂತು ಹಿಡಿಯಬಹುದಂತೆ. ಒಂದೇ ಸಲ ಬಂದು ಮಾಯವಾಗುವ ತಪ್ಪು ಮಾತ್ರ ನಿದ್ದೆ ಕೆಡಿಸುತ್ತದಂತೆ. ತಂತ್ರಾಂಶ ಮಾಡಿದವರಿಗೂ ಬರೆದಳು. ಯಾವುದೋ ದೇಶದ ಒಬ್ಬರು ಅತ್ಯಂತ ಮರ್ಯಾದೆಯಿಂದ ಉತ್ತರಿಸಿ, ಇಂಥದ್ದು ತಾವು ಕಂಡಿಲ್ಲ, ಶನಿವಾರ ಭಾನುವಾರ ಕೂತು ನೋಡುತ್ತೇನೆ ಎಂದರು. ಸಮುದ್ರದಾಚೆ ಒಬ್ಬ ಸಂಭಾವಿತ ಮನುಷ್ಯ ರಜೆಯ ದಿನ ಊಟ ಬಿಟ್ಟು ನನ್ನ ಸುಳ್ಳನ್ನು ಹುಡುಕುತ್ತಿದ್ದಾನೆ ಎಂದು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ಬೆಳಗ್ಗೆ ಮಾಮಿ ಸೀರೆಗೆ ಫಾಲ್ಸ್ ಹಚ್ಚಿಸಲು ಮೇಲೆ ಬಂದರು. ಚಂದ್ರಿ ಕೆನ್ನೆಗೆ ಕೈಕೊಟ್ಟು ಪರದೆಯ ಮುಂದೆ ಕೂತಿದ್ದಳು.

“ಏನಡೀ, ಮುಖಂ ಹೀಗೆ ವಾಡಿಹೋಗಿದೆ?”

“ಭಾನುವಾರ ನಾಲ್ಕೂವರೆಗೆ ಶುರು ಮಾಡಿದ್ದು ಆರು ಗಂಟೆಗೆ ಶುರುವಾಗಿದೆ ಮಾಮಿ. ಒಂದೂವರೆ ಗಂಟೆ ಎಲ್ಲಿ ಹೋಯ್ತೋ ಗೊತ್ತಾಗ್ತಿಲ್ಲ.”

“ಇದೇನು ಪೆರಿಯ ವಿಷಯ! ಭಾನುವಾರ ನಾಲ್ಕೂವರೆ ಟು ಆರು ರಾಹುಕಾಲಂ ಅಲ್ಲವೋ. ಪಾಪ, ಕಾದಿದೆ ಅದು. ನಿನಗಿಂತ ಸಮರ್ಥು.”

ಚಂದ್ರಿ ಮೂರು ವಾರದಲ್ಲಿ ಮೊದಲ ಸಲ ಬಾಯ್ತುಂಬ ನಕ್ಕಳು. “ರಿಪೋರ್ಟಲ್ಲಿ ಹೀಗೇ ಬರೀಲಾ ಮಾಮಿ?”

“ಬರಿ, ಬರಿ. ನನ್ನ ಪೇರೂ ಸೇರಿಸು.”

ನಾನು ಮೋಟಾರನ್ನು ಜೋರಾಗಿ ತುಳಿದೆ. ವಾರಗಟ್ಟಲೆ ಹುಡುಕಿದ ಉತ್ತರ ಕೋಣೆಯ ನಡುವೆ ಬಂದು ನಿಂತು, ನಗಿಸಿ, ಸೀರೆ ಕೊಟ್ಟು, ಮೆಟ್ಟಿಲಿಳಿದು ಹೋಯಿತು. ನಾನು ತಲೆಯೆತ್ತಲಿಲ್ಲ. ಆವತ್ತು ಹಚ್ಚಿದ ಫಾಲ್ಸನ್ನು ಆಮೇಲೆ ಬಿಚ್ಚಿ ಮತ್ತೆ ಹಚ್ಚಬೇಕಾಯಿತು, ಅಷ್ಟು ಸೊಟ್ಟ.

ಹೇಳಬೇಕೆಂದು ದಿನವೂ ನಿರ್ಧರಿಸುತ್ತಿದ್ದೆ. ಆದರೆ ಅಂಥ ಮಾತಿಗೆ ಒಳ್ಳೆಯ ಹೊತ್ತು ಬೇಕಲ್ಲ. ಬೆಳಗ್ಗೆ ಹೇಳೋಣವೆಂದರೆ ಸೋಮವಾರ ಬೆಳಗ್ಗೆಯೇ ರಾಹುಕಾಲ. ಮಂಗಳವಾರ ಮಂಗಳವಾರವೇ. ಬುಧವಾರ ಅವಳು ತಲೆನೋವೆಂದು ಮಲಗಿದ್ದಳು. ಗುರುವಾರ ಅಷ್ಟಮಿ, ಶುಕ್ರವಾರ ನವಮಿ, ಆಮೇಲೆ ನೋಡಿದರೆ ಅಮಾವಾಸ್ಯೆ ಹತ್ತಿರ ಬಂದಿತ್ತು. ಪ್ರತಿ ದಿನ ಒಂದೊಂದು ಹಾಳೆ ಹರಿದು, ಅದರಲ್ಲಿ ಒಂದು ನೆಪ ಹುಡುಕಿಕೊಂಡೆ. ಸುಳ್ಳು ಹೇಳುವಾಗ ಮಾತ್ರ ನಾನು ಮುಹೂರ್ತ ನೋಡಿರಲಿಲ್ಲ.

ನಾಲ್ಕನೆಯ ಭಾನುವಾರ. ಮರುದಿನ ಲ್ಯಾಬಿನ ಸಭೆ. ಚಂದ್ರಿ ಮಧ್ಯಾಹ್ನದಿಂದ ಪ್ರೊಫೆಸರಿಗೆ ಕಾಗದ ಬರೆಯುತ್ತಿದ್ದಳು. ಬರೆದದ್ದನ್ನು ನನಗೆ ಕನ್ನಡದಲ್ಲಿ ಹೇಳಿದಳು.

“ಅಂಕಿ ಎಲ್ಲ ಸರಿಯಾಗಿದೆ. ಆದ್ರೆ ಎಲ್ಲಿ ಹೋಯ್ತು ಅಂತ ಗೊತ್ತಿಲ್ದೇ ಇರೋ ಒಂದೂವರೆ ಗಂಟೆ ಇದೆ. ಶುರುವಲ್ಲಿ ನಿಂತಿದ್ದು ನಡುವೆ ನಿಲ್ಲಲ್ಲ ಅಂತ ಏನು ಗ್ಯಾರಂಟಿ? ನನಗೆ ಗೊತ್ತಿಲ್ಲದ್ದನ್ನ ಆರು ಜನದ ಕೆಲಸದ ಮೇಲೆ ಹೇರಕ್ಕಾಗಲ್ಲ. ಈ ವರ್ಷ ಹಳೇದೇ ಇರ್ಲಿ ಅಂತ ಬರೆದಿದ್ದೀನಿ.”

“ನಿನ್ನ ಕೊನೇ ಚಾಪ್ಟರು?”

“ಬಿಡಬೇಕು.” ಅಷ್ಟು ಹೇಳಿ ಅವಳು ಮೂಗು ಒರೆಸಿಕೊಂಡಳು. ಅತ್ತಿದ್ದಕ್ಕಲ್ಲ, ಅಳಬಾರದು ಎಂದು.

ಗಡಿಯಾರ ನೋಡಿದೆ. ನಾಲ್ಕೂ ನಲವತ್ತು. ಕ್ಯಾಲೆಂಡರ್ ನೋಡುವ ಅಗತ್ಯವಿರಲಿಲ್ಲ. ಆರು ಗಂಟೆಗೆ ಹೇಳಿದರಾಯಿತು ಎಂದು ಅಭ್ಯಾಸದ ಮನಸ್ಸು ಹೇಳಿತು. ಆದರೆ ಅವಳ ಬೆರಳು ಗುಂಡಿಯ ಹತ್ತಿರ ಹೋಗುತ್ತಿತ್ತು.

“ಚಂದ್ರಿ, ಕಳಿಸಬೇಡ.”

“ಯಾಕೆ, ರಾಹುಕಾಲಾನಾ?” ಎಂದು ಛೇಡಿಸಿದಳು.

“ಹೌದು, ರಾಹುಕಾಲ. ಆವತ್ತೂ ರಾಹುಕಾಲ ಆಗಿತ್ತು.” ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟೆ. “ನಾನು ಒತ್ತಿದ್ದೇ ಆರು ಗಂಟೆಗೆ.”

ಒಂದು ವಿಮಾನ ಹಾದುಹೋಯಿತು. ಅದು ಹೋದ ಮೇಲೂ ಈ ಸಲ ಯಾರೂ ಮಾತು ಮುಂದುವರಿಸಲಿಲ್ಲ.

“ಮೂರು ವಾರ, ಅಕ್ಕ,” ಎಂದಳು ಕೊನೆಗೆ. “ಗಡಿಯಾರದ ಮೇಲೆ ಅನುಮಾನ ಪಟ್ಟೆ. ಕೇಬಲ್ಲಿನ ಮೇಲೆ ಪಟ್ಟೆ. ನಾನೇ ತಪ್ಪಾಗಿ ಬರೆದಿದ್ದೀನಾ ಅಂತ ಒಂದೊಂದು ಅಕ್ಷರ ನೋಡ್ದೆ. ಪಾಪ ಆ ಫಾರಿನ್ ಮನುಷ್ಯನ ಮೇಲೂ ಪಟ್ಟೆ. ನಿನ್ನ ಮೇಲೆ ಮಾತ್ರ ಬರಲಿಲ್ಲ. ನೀನು ನನ್ನ ಅಳತೆ ಬ್ಲೌಸ್ ಕಣೇ.”

ಬೈದಿದ್ದರೆ ಚೆನ್ನಾಗಿತ್ತು. ನಾನು ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಸುಮ್ಮನೆ ಮಡಿಸಿ ಬಿಡಿಸಿ ಮಾಡುತ್ತಿದ್ದೆ. ಅಷ್ಟರಲ್ಲಿ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದು ಎದ್ದೆ. ನಗುತ್ತಿದ್ದಳು.

“ಮಾಮಿ ಹೇಳಿದ್ರು! ಮಾಮಿ ಸೀರೆ ಕೊಡಕ್ಕೆ ಬಂದವರು ಒಂದೇ ನಿಮಿಷದಲ್ಲಿ ಹೇಳಿದ್ರು! ಅವರ ಹೆಸರು ಹಾಕಬೇಕಿತ್ತು ನಾನು!”

ಅವಳ ನಗು ಜೋರಾಗಿ, ಕೆಳಗಿನಿಂದ ಮಾಮಿ, “ಏನಡೀ ಅದು ಸಿರಿಪ್ಪು?” ಎಂದು ಕೂಗಿದರು. ನಗುವಿಗೆ ಕಾರಣ ಹೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಹೇಳುವ ಧೈರ್ಯ ನನಗಿರಲಿಲ್ಲ.

ಆ ಕಾಗದ ಹೋಗಲಿಲ್ಲ. ಬೇರೊಂದು ಹೋಯಿತು, ನಡೆದದ್ದೆಲ್ಲವನ್ನೂ ಬರೆದು. ಪ್ರೊಫೆಸರು ಓದಿ ನಗಲಿಲ್ಲವಂತೆ. ಅಳವು ಜಾಕೆಟನ್ನು ಇನ್ನೊಮ್ಮೆ ಮಾಡಿ ಎಂದರಂತೆ: ಅದೇ ವಾರ, ಅದೇ ಹೊತ್ತು, ಅದೇ ಕೈ. ನಾಲ್ಕೂವರೆಗೆ ಒತ್ತಿದ್ದು ನಾಲ್ಕೂವರೆಗೇ ಎದ್ದರೆ ಇಡೀ ಲ್ಯಾಬು ಹೊಸದಕ್ಕೆ ಬದಲಾಗಲಿ. ಹಾಗೆ ಬದಲಾಗುವುದಕ್ಕೆ ಅವರೇ ಆ ಭಾನುವಾರ ಕಳೆದ ಬುಧವಾರ ಬೆಳಗ್ಗೆ ಹತ್ತೂವರೆ ಎಂದು ಹೊತ್ತು ಗೊತ್ತು ಮಾಡಿದರು. ಮಧ್ಯಾಹ್ನವಾದರೆ ಅನುಕೂಲ ಎಂದು ಯಾರೋ ಅಂದರೆ, “ಹನ್ನೆರಡರೊಳಗೆ ಮುಗಿಯಲಿ,” ಎಂದು ಕಿಟಕಿಯ ಕಡೆ ತಿರುಗಿದರಂತೆ. ಬುಧವಾರ ರಾಹುಕಾಲ ಹನ್ನೆರಡಕ್ಕೆ ಶುರು. ಚಂದ್ರಿ ಅದನ್ನು ನನಗೆ ಹೇಳಿದಾಗ ನನಗೆ ಆ ಪ್ರೊಫೆಸರ ಮೇಲೆ ಬಹಳ ಪ್ರೀತಿ ಬಂತು.

ಪರದೇಶದ ಆ ಮನುಷ್ಯನಿಗೂ ಬರೆದಳು. ನಾನು ಹೆದರಿಕೊಂಡೇ ಉತ್ತರಕ್ಕೆ ಕಾದೆ. ಆತ ಸಿಟ್ಟಾಗಿರಲಿಲ್ಲ. ರಾಹುಕಾಲವೆಂದರೆ ಏನೆಂದು ಕೇಳಿ ತಿಳಿದುಕೊಂಡು, ದಿನಕ್ಕೆ ಒಂದೂವರೆ ಗಂಟೆ ಯಾರೂ ಯಾವ ಹೊಸ ಕೆಲಸವನ್ನೂ ಶುರು ಮಾಡಬಾರದು ಎಂಬ ನಿಯಮ ತಮ್ಮ ಕಚೇರಿಯಲ್ಲೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಬರೆದಿದ್ದ. ಮಾಮಿಗೆ ಇದನ್ನು ಓದಿ ಹೇಳಿದೆವು. “ನಲ್ಲ ಪಿಳ್ಳೆ, ಒಳ್ಳೆ ಮನೆಯ ಹುಡುಗ,” ಎಂದರು.

ಇನ್ನೇನು, ಎಲ್ಲ ಸುಖಾಂತ್ಯವಾಯಿತಲ್ಲ ಎನ್ನುತ್ತೀರಿ. ಇಲ್ಲ. ನಡೆದದ್ದನ್ನು ಹೇಳಿದ್ದೆ, ತಪ್ಪಾಯಿತು ಎಂದಿರಲಿಲ್ಲ. ನಮ್ಮ ಮನೆಯಲ್ಲಿ ಆ ಪದವೇ ಬಳಕೆಯಲ್ಲಿಲ್ಲ. ನಮ್ಮಪ್ಪ ಅಮ್ಮನ ಮೇಲೆ ರೇಗಿದರೆ ಮರುದಿನ ಮಲ್ಲಿಗೆ ತರುತ್ತಿದ್ದರು. ಅಮ್ಮ ನಮ್ಮನ್ನು ಹೊಡೆದರೆ ಸಂಜೆ ಬೆಲ್ಲ ಹಾಕಿ ದೋಸೆ ಕೊಡುತ್ತಿದ್ದಳು. ಎಲ್ಲ ಲೆಕ್ಕವೂ ತಿನ್ನುವುದರಲ್ಲಿ ಮುಡಿಯುವುದರಲ್ಲಿ ಚುಕ್ತಾ. ನಾನೂ ಹಾಗೆಯೇ ಹೊರಟೆ. ಸೋಮವಾರ ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಮಂಗಳವಾರ ಅವಳ ಕುರ್ತಾಗಳಿಗೆಲ್ಲ ಜೇಬು ಹಚ್ಚಿಕೊಟ್ಟೆ. ಹೆಣ್ಣುಮಕ್ಕಳ ಬಟ್ಟೆಗೆ ಜೇಬಿಲ್ಲ ಎಂದು ಅವಳು ವರ್ಷಗಳಿಂದ ಗೊಣಗುತ್ತಿದ್ದಳು. ಬುಧವಾರ ಮತ್ತೆ ಅಕ್ಕಿರೊಟ್ಟಿ. ಅವಳು ಮೂರನೆಯದನ್ನು ಮುರಿಯುತ್ತ, ನನ್ನನ್ನು ನೋಡದೆ ಹೇಳಿದಳು:

“ರೊಟ್ಟಿ ತುಂಬ ಚೆನ್ನಾಗಿದೆ ಅಕ್ಕ. ಆದ್ರೆ ಇದು ರೊಟ್ಟಿ ಅಷ್ಟೇ.”

ಹಳೆಯ ಆವೃತ್ತಿಯಲ್ಲಿ ನಡೆಯುತ್ತಿದ್ದದ್ದು ಹೊಸದರಲ್ಲಿ ನಡೆಯುವುದಿಲ್ಲ ಎಂದು ಅವಳು ಒಮ್ಮೆ ಹೇಳಿದ್ದಳು. ಹಳೆಯದರಲ್ಲಿ ಒಂದು ಸಾಲನ್ನು ಬರೆಯದೆ ಬಿಟ್ಟರೆ ತಂತ್ರಾಂಶವೇ ಊಹಿಸಿಕೊಳ್ಳುತ್ತಿತ್ತಂತೆ. ಹೊಸದು ಊಹಿಸುವುದಿಲ್ಲ, ಬೇಕಾದದ್ದನ್ನು ಬಾಯಿಬಿಟ್ಟು ಬರೆಯಿರಿ ಎಂದು ನಿಂತುಬಿಡುತ್ತದೆ. ಅಪ್ಪ ಅಮ್ಮ ಹಳೆಯ ಆವೃತ್ತಿ. ನನ್ನ ತಂಗಿ ಹೊಸದು. ನಾನೊಬ್ಬಳು ಮೋಟಾರಿನ ಮೇಲೆ ಹಳೆಯ ಕಾಲಿಟ್ಟು ಕೂತವಳು.

ಭಾನುವಾರ ಬಂತು. ನಾಲ್ಕು ಕಾಲಿಗೇ ಕುರ್ಚಿಯಲ್ಲಿ ಕೂತೆ. ಅದೇ ಕಪ್ಪು ಪರದೆ, ಅದೇ ಬಿಳಿ ಸಾಲು, ಅದೇ ಮಿಣುಕುವ ಚೌಕ. ಪಕ್ಕದಲ್ಲಿ ಚಂದ್ರಿ ಫೋನಿನ ಗಡಿಯಾರ ಹಿಡಿದು ನಿಂತಳು. ಮಾಮಿಯೂ ಮೆಟ್ಟಿಲು ಹತ್ತಿ ಬಂದರು, ತಡೆಯಲು.

“ವೇಂಡಾಂ ಡೀ ಚಂದ್ರಿಕಾ. ಕೊಂಜಂ ಕಾದು, ಆರಕ್ಕೆ ಮಾಡಿದರೆ ಏನು ಕೊರತೆ?”

“ಆರಕ್ಕೆ ಮಾಡಿ ಆಗಿದೆ ಮಾಮಿ. ಅದ್ರಿಂದಲೇ ಇಷ್ಟೆಲ್ಲ.”

ಮಾಮಿ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಳ್ಳತೊಡಗಿದರು. ನನ್ನ ಪರವಾಗಿಯೋ, ತಂತ್ರಾಂಶದ ಪರವಾಗಿಯೋ ತಿಳಿಯಲಿಲ್ಲ. ನಾನು ಕ್ಯಾಲೆಂಡರಿನ ಕಡೆ ನೋಡಲಿಲ್ಲ. ಬೆರಳು ಗುಂಡಿಯ ಮೇಲಿತ್ತು. ಚಂದ್ರಿ, “ಈಗ,” ಎಂದಳು. ಒತ್ತಿದೆ.

ಅಕ್ಷರಗಳು ಸುರಿದವು, ಒಂದರ ಹಿಂದೆ ಒಂದು, ಅಷ್ಟು ದಿನ ಕಾದಿದ್ದಕ್ಕೆ ಅವಸರ ಎನ್ನುವ ಹಾಗೆ. ಚಂದ್ರಿ ಬಗ್ಗಿ ಮೇಲಿನ ಒಂದು ಸಾಲಿನ ಮೇಲೆ ಬೆರಳಿಟ್ಟಳು. ನಾಲ್ಕೂ ಮೂವತ್ತು. ಸೆಕೆಂಡಿನ ಲೆಕ್ಕವೂ ಇತ್ತು. ಅವಳು “ಹೋ!” ಎಂದು ಕಿರುಚಿದ್ದಕ್ಕೆ ಮಾಮಿ ಬೆಚ್ಚಿ ಕಣ್ಣು ಬಿಟ್ಟು, “ಆಚ್ಚಾ? ಆಯಿತಾ?” ಎಂದು ತಾವೂ ಕೈ ತಟ್ಟಿದರು. ಚಂದ್ರಿಯ ಕೊನೆಯ ಅಧ್ಯಾಯ ಪರದೆಯ ಮೇಲೆ ಓಡುತ್ತಿತ್ತು. ಅವಳು ನನ್ನ ಹೆಗಲಿಗೆ ಗಲ್ಲವಿಟ್ಟು ಅದನ್ನೇ ನೋಡುತ್ತಿದ್ದಳು. ಹೊರಗೆ ವಿಮಾನವೂ ಇರಲಿಲ್ಲ. ರಾಹುಕಾಲ ಮುಗಿಯಲು ಇನ್ನೂ ಒಂದೂವರೆ ಗಂಟೆ ಇತ್ತು. ನಾನು ಕಾಯಲಿಲ್ಲ.

“ತಪ್ಪಾಯ್ತು ಕಣೇ ಚಂದ್ರಿ,” ಎಂದೆ. “ತಡವಾಗಿ ಒತ್ತಿದ್ದಕ್ಕಲ್ಲ, ಅದನ್ನ ಇನ್ನೊಂದ್ಸಲವೂ ಮಾಡ್ತೀನೇನೋ. ನಾಲ್ಕೂವರೆಗೇ ಅಂತ ಅಂದೆನಲ್ಲ, ಅದಕ್ಕೆ.”